ನೀರುಗಂಟಿ ಗ್ರಬ್ಬಣ್ಣ

ಒಂದು ಕಂಪ್ಯೂಟರಿಗೆ ಒಂದೇ ಆಪರೇಟಿಂಗ್ ಸಿಸ್ಟಂ ಸಾಕು ಎನ್ನುವವರ ಮೇಲೆ ನನಗೇನೂ ಸಿಟ್ಟಿಲ್ಲ. ಅವರು ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆ, ರಾತ್ರಿ ಹಾಸಿಗೆಯಲ್ಲೇ ಮಲಗುತ್ತಾರೆ, ಹೆಂಡತಿ ಕರೆದರೆ ಮೊದಲ ಕೂಗಿಗೇ ಓಗೊಡುತ್ತಾರೆ. ಆದರೆ ಒಂದರಲ್ಲಿ ಕೂತು ಇನ್ನೊಂದನ್ನು ಬೈಯುವ ಸುಖ ಮಾತ್ರ ಅವರ ಹಣೆಯಲ್ಲಿ ಬರೆದಿಲ್ಲ. ವಿಂಡೋಸ್ ಒಂದನ್ನೇ ನಂಬಿಕೊಂಡವನು ಅದನ್ನು ಬೈದರೆ ಗೋಳು ಅನ್ನಿಸಿಕೊಳ್ಳುತ್ತದೆ. ಪಕ್ಕದಲ್ಲಿ ಲಿನಕ್ಸನ್ನೂ ಇಟ್ಟುಕೊಂಡವನು ಬೈದರೆ ಅದು ವಿಮರ್ಶೆ. ಬೇಜಾರಾದ ದಿನ ಆ ಕಡೆ ಹೋಗಿ ಕೂತು ಲಿನಕ್ಸನ್ನೂ ಬೈಯಬಹುದು. ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿ ಇಂಥದೊಂದು ಹಕ್ಕನ್ನು ಸುಮ್ಮನೆ ಬಿಟ್ಟುಕೊಡಲು ಆಗುತ್ತದೆಯೇ?

ನಾನು ಮದ್ದೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರ ಗಣಿತದ ಮೇಷ್ಟ್ರು. 2011ರ ಸುಮಾರಿಗೆ ರಾಜ್ಯ ಶಿಕ್ಷಣ ಇಲಾಖೆಯ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ 'ವಿಷಯ ಶಿಕ್ಷಕರ ವೇದಿಕೆ' ಎಂದು ಶುರುಮಾಡಿ, ಸರ್ಕಾರಿ ಹೈಸ್ಕೂಲು ಮೇಷ್ಟ್ರುಗಳನ್ನು ಹಿಡಿದು ತಂದು ಕಂಪ್ಯೂಟರಿನ ಮುಂದೆ ಕೂರಿಸಿದವು. ಅಲ್ಲಿ ಕಲಿಸಿದ್ದು ಉಬುಂಟು ಎಂಬ ಲಿನಕ್ಸ್. ತರಬೇತಿಗೆ ಮಂಡ್ಯಕ್ಕೆ ಹೋದ ನಮ್ಮಲ್ಲಿ ಅರ್ಧ ಜನಕ್ಕೆ ಮೌಸ್ ಹಿಡಿಯುವುದೇ ಹೊಸದು. ಹಾಗಾಗಿ ಇದು ಮೊದಲನೆಯ ಆಪರೇಟಿಂಗ್ ಸಿಸ್ಟಮ್ಮೋ ಎರಡನೆಯದೋ ಎಂಬ ಜಾತಿ ಜಗಳ ಏಳಲಿಲ್ಲ. ನನ್ನನ್ನು ಕೆಡವಿದ್ದು ಅದರಲ್ಲಿದ್ದ ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶ. ತ್ರಿಭುಜದ ಒಂದು ಮೂಲೆ ಹಿಡಿದು ಎಳೆದೆ. ಮೂರು ಕೋನಗಳೂ ಓಡಾಡಿದವು, ಮೊತ್ತ ಮಾತ್ರ 180 ಡಿಗ್ರಿ ಬಿಟ್ಟು ಕದಲಲಿಲ್ಲ. ಕರಿಹಲಗೆಯ ಮೇಲೆ ನಾನು ಬರೆದು ಮಕ್ಕಳ ಕೈಲಿ ಅಳೆಸಿದ ತ್ರಿಭುಜಗಳು 174ಕ್ಕೋ 187ಕ್ಕೋ ನಿಂತು, 'ಸೀಮೆಸುಣ್ಣ ದಪ್ಪ ಕಣ್ರೋ' ಎಂದು ಸಮಾಧಾನ ಹೇಳಿಸಿಕೊಳ್ಳುತ್ತಿದ್ದವು. ಆ ಸಂಜೆಯೇ ನಿಶ್ಚಯವಾಯಿತು, ಇದು ಮನೆಯಲ್ಲೂ ಇರಬೇಕು ಅಂತ.

ಮಳವಳ್ಳಿಯ ನಮ್ಮ ಮಾವ ಈ ವಿಷಯ ಕೇಳಿ ಮೊದಲು ವಿಚಾರಿಸಿದ್ದು ರೇಟು. ಪುಕ್ಕಟೆ ಎಂದೆ. ಅವರ ಮುಖದಲ್ಲಿ ಅನುಮಾನ ಎದ್ದಿತು. ಉಬುಂಟು 2004ರಲ್ಲಿ ಹೊರಟಿದ್ದು, ಅದಕ್ಕೆ ದುಡ್ಡು ಹಾಕಿದವರು ಮಾರ್ಕ್ ಷಟಲ್‌ವರ್ತ್ ಎಂಬ ದಕ್ಷಿಣ ಆಫ್ರಿಕಾದ ಶ್ರೀಮಂತರು, 2011ರವರೆಗೆ ಯಾರು ವಿಳಾಸ ಬರೆದು ಕಳಿಸಿದರೂ ಅಂಚೆ ಖರ್ಚನ್ನೂ ಕೇಳದೆ ಸಿ.ಡಿ. ಮನೆಗೆ ಕಳಿಸುತ್ತಿದ್ದರು ಎಂದೆಲ್ಲ ವಿವರಿಸಿದೆ. ಮಾವ ಎಲೆಗೆ ಸುಣ್ಣ ಸವರುತ್ತ ಯೋಚಿಸಿ, "ಯಾವ ಪಾರ್ಟಿಯಿಂದ ನಿಂತವ್ನೆ?" ಎಂದರು.

ನಿಂತಿಲ್ಲ ಎಂದೆ. ಉಬುಂಟುವಿನ ಬುಡವಾದ ಲಿನಕ್ಸನ್ನು ಬರೆದ ಲಿನಸ್ ಟೊರ್ವಾಲ್ಡ್ಸ್ ಫಿನ್ಲೆಂಡಿನವರು, 1991ರಲ್ಲಿ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿಯಾಗಿದ್ದಾಗ ಹವ್ಯಾಸಕ್ಕೆಂದು ಶುರುಮಾಡಿ ಊರಿಗೆಲ್ಲ ಹಂಚಿಬಿಟ್ಟರು ಎಂದೆ. "ಓದೋ ವಯಸ್ನಲ್ಲಿ ಓದ್ದೆ ಇದ್ರೆ ಇಂಗೇಯ" ಎಂದು ಮಾವ ಪ್ರಕರಣ ಮುಗಿಸಿದರು.

ಹಾಗಾದರೆ ವಿಂಡೋಸನ್ನು ಕಿತ್ತೊಗೆಯಬಾರದಿತ್ತೇ? ಆಗುವುದಿಲ್ಲ. ಅಡ್ಡ ನಿಂತದ್ದು ಕನ್ನಡ. ಶಾಲೆಯ ಎಲ್ಲ ಕಾಗದ ಪತ್ರ, ಅಂದರೆ ಸುತ್ತೋಲೆ, ಘಟಕ ಪರೀಕ್ಷೆ, ಎಸ್‌ಡಿಎಂಸಿ ನಡಾವಳಿ, ಎಲ್ಲವೂ ಹಳೆಯ ನುಡಿ ಅಕ್ಷರದಲ್ಲಿದ್ದವು. ಆ ಕಾಲದ ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳು ರೋಮನ್ ಅಕ್ಷರಗಳ ಮನೆಯೊಳಗೆ ಕನ್ನಡದ ತುಂಡುಗಳನ್ನು ಕೂರಿಸಿ ಕೆಲಸ ಸಾಗಿಸುತ್ತಿದ್ದವು. ಫಾಂಟ್ ಇರುವ ಕಡೆ ಕನ್ನಡ, ಇಲ್ಲದ ಕಡೆ ಅಸಲಿ ರೂಪ. ಉಬುಂಟುವಿನಲ್ಲಿ ಕಡತ ತೆರೆದರೆ 'ಕನ್ನಡ' ಎಂದು ಇರಬೇಕಾದ ಜಾಗದಲ್ಲಿ ಒಂದು ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಇಂಗ್ಲೆಂಡಿನ ಪೌಂಡಿನ ಗುರುತು, ಜರ್ಮನ್ನರ ಡೊಳ್ಳುಹೊಟ್ಟೆಯ ಎಸ್, ಕೊನೆಗೆ ಕ್ಯೂ. ನಮ್ಮ ನುಡಿಯ ಹೆಸರೊಳಗೆ ಇಷ್ಟು ದೇಶದವರು ಬಿಡಾರ ಹೂಡಿದ್ದಾರೆಂದು ರಾಜ್ಯೋತ್ಸವದ ಯಾವ ಭಾಷಣಕಾರರೂ ನನಗೆ ಹೇಳಿರಲಿಲ್ಲ. ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, ಲಿನಕ್ಸ್ ಹುಟ್ಟಿದ ಅದೇ 1991ರಲ್ಲಿ, ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿತ್ತು. ನಮ್ಮ ಕಚೇರಿಗಳಿಗೆ ಆ ಸುದ್ದಿ ಮುಟ್ಟಲು ಬಹಳ ವರ್ಷ ಬೇಕಾಯಿತು. ಅಷ್ಟರಲ್ಲಿ ಜಮೆಯಾದ ಕಡತಗಳನ್ನು ಓದುವುದಕ್ಕಾದರೂ ವಿಂಡೋಸ್ ಉಳಿಯಬೇಕಾಯಿತು.

ಇನ್ನೊಂದು ಕಾರಣ ನನ್ನ ಹೆಂಡತಿ. ಸ್ತ್ರೀಶಕ್ತಿ ಸಂಘದ ಲೆಕ್ಕ ಅವಳದು, ಅದು ಎಕ್ಸೆಲ್‌ನಲ್ಲಿದೆ. ಉಬುಂಟುವಿನ ಲಿಬ್ರೆ ಆಫೀಸಿನಲ್ಲೂ ಅದೇ ಕಡತ ತೆರೆಯುತ್ತದೆ, ಅದೇ ಮೊತ್ತ ಬರುತ್ತದೆ ಎಂದು ತೋರಿಸಿದೆ. ಮೊತ್ತ ಸರಿಯಾಗಿಯೇ ಬಂತು. "ಸರಿ ಬಂದಂಗೆ ಮಾಡ್ತದೆ" ಎಂದಳು.

ಅಂತೂ ಒಂದೇ ಡಿಸ್ಕಿನಲ್ಲಿ ಇಬ್ಬರಿಗೂ ಪಾಲು ಮಾಡಬೇಕಾಯಿತು. ಪಾಲು ಎಂದ ಮೇಲೆ ಮಂಡ್ಯದವರಿಗೆ ನೆನಪಾಗುವುದು ನಾಲೆ. ಕನ್ನಂಬಾಡಿಯ ನೀರು ಹುಲಿಕೆರೆಯ ಸುರಂಗ ದಾಟಿ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬರುವಾಗ ಮೇಲಿನವರ ಗದ್ದೆ ಮೊದಲು ತುಂಬುತ್ತದೆ; ಮದ್ದೂರು, ಮಳವಳ್ಳಿಯ ಕೊನೇ ಭಾಗದವರು ಒಣಗಿದ ತೂಬಿನ ಮುಂದೆ ನಿಂತು ಸರ್ಕಾರಕ್ಕೆ ಮನವಿ ಬರೆಯುತ್ತಿರುತ್ತಾರೆ. ನಮ್ಮ ಡಿಸ್ಕಿನಲ್ಲೂ ಹಾಗೇ ಆಯಿತು. ತಲೆಯ ಕಡೆಯ ವಿಸ್ತಾರವೆಲ್ಲ ಮೊದಲೇ ಬಂದು ಕೂತಿದ್ದ ವಿಂಡೋಸಿಗೆ, ಕೊನೆಯಲ್ಲಿ ಮಿಕ್ಕ ಒಂದು ತುಂಡು ಲಿನಕ್ಸಿಗೆ.

ನೀರಿನ ಅಳತೆಯಲ್ಲೂ ತಕರಾರು. ಡಿಸ್ಕಿನ ಮೈಮೇಲೆ 500 ಜಿ.ಬಿ. ಎಂದು ಬರೆದಿದೆ. ವಿಂಡೋಸ್ ಅಳೆದರೆ 465. ಉಬುಂಟು ಅಳೆದರೆ 500. ಒಬ್ಬರು ಸಾವಿರದ ಇಪ್ಪತ್ನಾಲ್ಕರ ಸೇರಿನಲ್ಲಿ ಅಳೆಯುತ್ತಾರೆ, ಇನ್ನೊಬ್ಬರು ಸಾವಿರದ ಸೇರಿನಲ್ಲಿ. ಒಂದು ಹನಿಯೂ ಸೋರಿಲ್ಲ, ಲೆಕ್ಕ ಮಾತ್ರ ಎರಡು. ಇದನ್ನು ಮಾವನಿಗೆ ವಿವರಿಸಬೇಕಾಗಲೇ ಇಲ್ಲ. ಕಾವೇರಿ ಜಗಳದಲ್ಲಿ ಬಿಳಿಗುಂಡ್ಲುವಿನ ಅಳತೆಯ ಸುದ್ದಿಯನ್ನು ಪೇಪರಿನಲ್ಲಿ ಓದಿ ಓದಿ ನರೆತವರು ಅವರು. "ನ್ಯಾಯಮಂಡಳಿಗೆ ಹೋಗಿ" ಎಂದು ಸಲಹೆ ಕೊಟ್ಟರು.

ಡಿಸ್ಕಿನ ಒಂದು ಕಡೆಯಿಂದ ದತ್ತಾಂಶ ಸರಿಸಿ ಇನ್ನೊಂದು ಕಡೆ ಜಾಗ ಮಾಡುವ ಕೆಲಸ ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ಕರೆಂಟು ಹೋಗಕೂಡದು. ಹೋಯಿತು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ತಂತಿ ಎಳೆದು ಸುಮಾರು 90 ಮೈಲಿ ಆಚೆಯ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದರು. 1905ರಲ್ಲಿ ಬೆಂಗಳೂರಿನ ಬೀದಿದೀಪವೂ ಅದರಿಂದಲೇ ಹತ್ತಿತು. ಇಂಥ ಜಿಲ್ಲೆಯಲ್ಲಿ ಕೂತು ಅರ್ಧ ಸರಿದ ಪಾರ್ಟಿಷನ್ನಿನ ಮುಂದೆ ಯು.ಪಿ.ಎಸ್.ನ ಕುಂಯ್ ಕುಂಯ್ ಕೇಳುತ್ತ ನಾನು ಗಗನಚುಕ್ಕಿ ಜಲಪಾತದ ದಿಕ್ಕಿಗೆ ಕೈ ಮುಗಿದೆ. ಕರೆಂಟು ಮರಳುವವರೆಗೆ ಯು.ಪಿ.ಎಸ್. ಹೇಗೋ ತಡೆಯಿತು. ಹತ್ತಿರದಲ್ಲೇ ಹುಟ್ಟುವ ಕರೆಂಟಿಗೆ ನಮ್ಮ ಮೇಲೆ ಅಷ್ಟೂ ಅಭಿಮಾನವಿಲ್ಲದೆ ಹೋದೀತೆ ಎಂದು ಈಗಲೂ ಅಂದುಕೊಳ್ಳುತ್ತೇನೆ.

ಪಾಲಾದ ಮೇಲೆ ನೀರು ಬಿಡುವವನೊಬ್ಬ ಬೇಕಲ್ಲ. ಅವನೇ ಗ್ರಬ್. ಕಂಪ್ಯೂಟರ್ ಆನ್ ಮಾಡಿದೊಡನೆ ಕಪ್ಪು ಪರದೆಯ ಮೇಲೆ ಬಂದು ನಿಂತು, ಈ ಸರದಿ ಯಾರದು ಎಂದು ಕೇಳುವ ನೀರುಗಂಟಿ. ಹತ್ತು ಸೆಕೆಂಡು ಕಾಯುತ್ತಾನೆ. ಯಾರೂ ಏನೂ ಹೇಳದಿದ್ದರೆ ಪಟ್ಟಿಯಲ್ಲಿ ಮೊದಲಿದ್ದವರ ತೂಬು ಎತ್ತುತ್ತಾನೆ. ಉಬುಂಟು ಹಾಕಿಕೊಂಡರೆ ನೀರುಗಂಟಿಯನ್ನು ನೇಮಿಸುವುದೂ ಉಬುಂಟುವೇ. ಹಾಗಾಗಿ ಡಿಸ್ಕಿನ ಕೊನೆಯಲ್ಲಿ ಕೂತವನ ಹೆಸರು ಪಟ್ಟಿಯ ಮೊದಲಿಗೆ, ಎಕರೆಗಟ್ಟಲೆ ಇರುವ ವಿಂಡೋಸ್ ಕಟ್ಟಕಡೆಗೆ. ಇದನ್ನು ಕಂಡು ಮಾವ ಕುರ್ಚಿಯಲ್ಲಿ ನೆಟ್ಟಗಾದರು. ಅವರ ಆಯುಸ್ಸಿನಲ್ಲಿ ಕೊನೇ ಭಾಗದವನೊಬ್ಬ ನೀರುಗಂಟಿಯಾದದ್ದು, ಆಗಿ ತನ್ನವರಿಗೇ ಮೊದಲು ನೀರು ಬಿಟ್ಟದ್ದು ಕಣ್ಣಾರೆ ಕಂಡದ್ದು ಅದೇ ಮೊದಲು. "ಗ್ರಬ್ಬಣ್ಣ ನಮ್ ಮಳವಳ್ಳಿ ಕಡೆಯೋನೇಯ" ಎಂದು ತೀರ್ಪು ಕೊಟ್ಟರು. ಪುಕ್ಕಟೆಯ ಬಗ್ಗೆ ಇದ್ದ ಅನುಮಾನ ಅವತ್ತೇ ಹೋಯಿತು.

ಆದರೆ ಮೇಲಿನವರು ಸುಮ್ಮನಿರುತ್ತಾರೆಯೇ? ಲಿನಕ್ಸ್ ವಿಂಡೋಸಿನ ಗದ್ದೆಗೆ ಇಳಿದು ಕಡತ ಓದಬಲ್ಲದು. ವಿಂಡೋಸಿಗೆ ಲಿನಕ್ಸಿನ ಬದುವೇ ಕಾಣಿಸುವುದಿಲ್ಲ. ಕೆಲವು ಸಲ ಅತ್ತ ಕಣ್ಣು ಬಿದ್ದರೂ, ಇದು ಪಾಳುಬಿದ್ದ ಜಾಗ, ಫಾರ್ಮ್ಯಾಟ್ ಮಾಡಲೇ ಎಂದು ವಿನಯದಿಂದ ಕೇಳುತ್ತದೆ. ವಿಂಡೋಸ್ 8ರಿಂದ ಈಚೆಗೆ ಇನ್ನೊಂದು ಚಾಳಿ. ಆಫ್ ಮಾಡಿದರೂ ಪೂರ್ತಿ ಮಲಗದೆ, ಬೇಗ ಏಳುವ ನೆಪದಲ್ಲಿ ಅರೆನಿದ್ದೆ ಮಾಡುತ್ತಿರುತ್ತದೆ. ಆ ಹೊತ್ತಿನಲ್ಲಿ ಲಿನಕ್ಸ್ ಅತ್ತ ಹೋದರೆ ನೋಡಬಹುದು, ಮುಟ್ಟುವಂತಿಲ್ಲ. ಹಳೆಯ ಕಂಪ್ಯೂಟರುಗಳಲ್ಲಂತೂ ವಿಂಡೋಸನ್ನು ಹೊಸದಾಗಿ ಹಾಕಿದರೆ ಅದು ಮಾಡುವ ಮೊದಲ ಕೆಲಸ ಗ್ರಬ್ಬಣ್ಣನ ವಜಾ. ಲಿನಕ್ಸ್ ಅಲ್ಲೇ ಇರುತ್ತದೆ, ಬದು ಬಾವಿ ಎಲ್ಲ ಹಾಗೇ ಇರುತ್ತದೆ, ನೀರು ಬಿಡುವವರು ಇರುವುದಿಲ್ಲ.

ಎಲ್ಲಕ್ಕಿಂತ ರಗಳೆಯದು ಗಡಿಯಾರ. ಕಂಪ್ಯೂಟರಿನ ಮೈಯೊಳಗಿನ ಗಡಿಯಾರದಲ್ಲಿ ಇರುವುದು ಊರ ಹೊತ್ತು ಎಂದು ವಿಂಡೋಸ್ ನಂಬುತ್ತದೆ. ಲಿನಕ್ಸ್ ಅದನ್ನು ಗ್ರೀನಿಚ್ಚಿನ ಹೊತ್ತು ಎಂದು ಓದಿ, ಐದೂವರೆ ಗಂಟೆ ಕೂಡಿಸಿ ತೋರಿಸುತ್ತದೆ. ಹೀಗೆ ಲಿನಕ್ಸಿನಿಂದ ಎದ್ದು ವಿಂಡೋಸಿಗೆ ಹೋದರೆ ಬೆಳಗಿನ ಹತ್ತು ಗಂಟೆಗೆ ನಾಲ್ಕೂವರೆ. ವಿಂಡೋಸ್ ಅದನ್ನು ತಿದ್ದಿಕೊಂಡ ಮೇಲೆ ಲಿನಕ್ಸಿಗೆ ಮರಳಿದರೆ ರಾತ್ರಿ ಹತ್ತಕ್ಕೆ ಮುಂಜಾವದ ಮೂರೂವರೆ. ಎರಡನ್ನೂ ಒಂದೇ ದಿನ ಬಳಸಿದವನಿಗೆ ತಾನು ಎದ್ದದ್ದು ಮಲಗುವ ಮುಂಚೆಯೋ ಆಮೇಲೋ ತಿಳಿಯುವುದಿಲ್ಲ. ಒಂದು ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ, ಅಂದರೆ ರಾಹುಕಾಲದ ನಟ್ಟನಡುವೆ, ಮಾವ ಹೊಸ ಪಂಪ್‌ಸೆಟ್ಟಿನ ಮುಂಗಡ ಕಟ್ಟಲು ಹೊರಟರು. ಕೈಗಡಿಯಾರ ರಿಪೇರಿಗೆ ಹೋಗಿತ್ತು. ಪರದೆಯ ಮೂಲೆ ನೋಡಿ, "ಇನ್ನೂ ಎರಡೂವರೆ, ಭಾಳ ಹೊತ್ತದೆ" ಎಂದರು. ಕಿಟಕಿಯಲ್ಲಿ ಬಿಸಿಲು ಬಿದ್ದಿತ್ತು. ಅವರು ಬಿಸಿಲನ್ನೂ ನೋಡಿದರು, ಪರದೆಯನ್ನೂ ನೋಡಿದರು, ಎರಡರಲ್ಲಿ ತಮಗೆ ಅನುಕೂಲವಾದದ್ದನ್ನು ನಂಬಿ ಹೊರಟೇಬಿಟ್ಟರು. ಆ ಪಂಪು ಇವತ್ತಿಗೂ ಕೆಟ್ಟಿಲ್ಲ. ಲಿನಕ್ಸಿಗೆ ಒಂದು ಸಾಲಿನ ಆಜ್ಞೆ ಕೊಟ್ಟರೆ ಅದೂ ಊರ ಹೊತ್ತನ್ನೇ ಇಟ್ಟುಕೊಳ್ಳುತ್ತದೆ, ಗಲಾಟೆ ನಿಲ್ಲುತ್ತದೆ. ನಾನು ಆ ಸಾಲನ್ನು ಕೊಡಲು ಹೋದಾಗ ತಡೆದವರು ಮಾವನೇ. ಇರಲಿ ಬಿಡಿ, ಕೆಲಸಕ್ಕೆ ಬರ್ತದೆ ಅಂತ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಆಸರೆ ಮುಗಿಯಿತು. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಎಂಬ ಚಿಪ್ಪು ಬೇಕು, ನಮ್ಮ ಪೆಟ್ಟಿಗೆಯಲ್ಲಿ ಅದಿಲ್ಲ. ಪೇಟೆ ಬೀದಿಯ ಅಂಗಡಿ ಹುಡುಗ, "ಹೊಸಾದ್ ತಕಳಿ ಸಾ, ಇದು ಕಬ್ಬಿಣದ್ ರೇಟ್ಗೆ ಹೋಯ್ತದೆ" ಎಂದ. ನಾನು ಒಳಗೊಳಗೇ ಹಿಗ್ಗಿದೆ. ಕೊನೇ ಭಾಗದವರಿಗೆ ಕಾಲ ಬಂತು, ಇನ್ನು ಇಡೀ ನಾಲೆ ನಮ್ಮದೇ ಎಂದುಕೊಂಡು ಮನೆಗೆ ಬಂದರೆ, ನನ್ನ ಹೆಂಡತಿ ಆಗಲೇ ಮೈಕ್ರೋಸಾಫ್ಟಿನವರು ಕೊಟ್ಟ ಒಂದು ವರ್ಷದ ಹೆಚ್ಚುವರಿ ವಾಯಿದೆಗೆ ಹೆಸರು ನೋಂದಾಯಿಸಿ ಕೂತಿದ್ದಳು. ಯಾರನ್ನು ಕೇಳಿ ಮಾಡಿದೆ ಎಂದು ರೇಗಿದೆ. ನಿಜ ಹೇಳಬೇಕೆಂದರೆ, ವಿಂಡೋಸ್ ಹೋದ ಮೇಲೆ ನಾನು ವಿಮರ್ಶೆಗೆ ಎಲ್ಲಿ ಹೋಗಲಿ ಎಂಬ ಯೋಚನೆ ಅಂಗಡಿಯಿಂದ ಬರುವ ದಾರಿಯಲ್ಲೇ ಹತ್ತಿತ್ತು.

ವಾಯಿದೆ ಸಿಕ್ಕ ಬಲದಲ್ಲಿ ಅವಳು ಇನ್ನೊಂದು ಬೇಡಿಕೆ ಇಟ್ಟಳು. ಕಂಪ್ಯೂಟರ್ ಆನ್ ಮಾಡಿ ಒಲೆಯ ಮೇಲಿನ ಹಾಲು ನೋಡಿ ಬರುವಷ್ಟರಲ್ಲಿ ಹತ್ತು ಸೆಕೆಂಡು ಮುಗಿದು ಉಬುಂಟು ಬಂದು ಕೂತಿರುತ್ತದೆ, ಇದು ಅನ್ಯಾಯ. ವಿಂಡೋಸನ್ನು ಮೊದಲಿಗೆ ಮಾಡಿ ಎಂದಳು. ಮಾಡಿದೆ. ಮುಂದಿನ ವಾರ ಮಳವಳ್ಳಿಯಿಂದ ಬಂದ ಮಾವ ಅದನ್ನು ನೋಡಿ, "ತಿರ್ಗಾ ಮೇಲಿನೋರ್ಗೇ ಬುಟ್ರಾ?" ಎಂದು, ತಂದಿದ್ದ ಮದ್ದೂರು ವಡೆಯ ಪೊಟ್ಟಣವನ್ನು ನನ್ನ ಕೈಗೆ ಕೊಡದೆ ಮಗಳ ಕೈಗೆ ಕೊಟ್ಟರು.

ಗ್ರಬ್ಬಣ್ಣನಲ್ಲಿ ಇದಕ್ಕೂ ಒಂದು ರಾಜಿಸೂತ್ರವಿದೆ. ಕೊನೆಯ ಸಲ ಯಾರನ್ನು ಆರಿಸಿದ್ದರೋ ಅವರನ್ನೇ ನೆನಪಿಟ್ಟುಕೊಂಡು ಮುಂದಿನ ಸಲವೂ ಅವರಿಗೇ ತೂಬು ಎತ್ತುತ್ತಾನೆ. ಮೂವರೂ ಒಪ್ಪಿದೆವು. ಅವತ್ತಿನಿಂದ ನಮ್ಮ ಮನೆಯಲ್ಲಿ ರಾತ್ರಿ ಕೊನೆಗೆ ಮಲಗುವವರಿಗೆ ಬೆಳಗಿನ ನೀರು. ಊಟವಾದ ಮೇಲೆ ನಾನು ಸುಮ್ಮನೆ ಪೇಪರ್ ಓದುವಂತೆ ಕೂರುತ್ತೇನೆ, ಅವಳು ಸುಮ್ಮನೆ ಅವರೆಕಾಯಿ ಬಿಡಿಸುವಂತೆ ಕೂರುತ್ತಾಳೆ. ನಿನ್ನೆ ಅವಳ ಕಣ್ಣು ಎಳೆಯುವವರೆಗೂ ಕಾದು, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೋಗಿ ನೋಡಿದರೆ ಪರದೆ ನೀಲಿಯಾಗಿ ಬೆಳಗುತ್ತಿತ್ತು. ಅಪ್‌ಡೇಟ್ ನಡೆದಿದೆ, 27 ಪರ್ಸೆಂಟ್, ದಯವಿಟ್ಟು ಆಫ್ ಮಾಡಬೇಡಿ.

"ಬೆಳಗಾನ ಆಯ್ತದೆ" ಎಂದಳು ಕೋಣೆಯೊಳಗಿಂದ. "ಬಂದ್ ಮಲಿಕಳಿ."