ಮೊದಲ ಪುಟದ ಮಹಾಶಯ

2023ರ ಸೆಪ್ಟೆಂಬರ್ 18ರಂದು ರಿಯಾದ್‌ನಲ್ಲಿ ಸೇರಿದ್ದ ಯುನೆಸ್ಕೊ ವಿಶ್ವ ಪರಂಪರೆ ಸಮಿತಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಭಾರತದ ಪಾಲಿಗೆ ಅದು 42ನೆಯ ತಾಣ. ಆಮೇಲೆ ಬೇಲೂರು, ಹಳೇಬೀಡಿನ ನಡುವಿನ ಹದಿನಾರು ಕಿಲೋಮೀಟರಿನಲ್ಲಿ ಹಿತ್ತಿಲ ಕಡೆ ಎರಡು ಕೋಣೆ ಖಾಲಿ ಇಟ್ಟುಕೊಂಡಿದ್ದವರಿಗೆಲ್ಲ ಹೋಂಸ್ಟೇ ಕನಸು ಬೀಳತೊಡಗಿತು. ಮೊದಲು ಬೋರ್ಡು ಬಂತು. ಬೋರ್ಡಿನ ಹಿಂದೆ ವೆಬ್‌ಸೈಟು ಬಂತು. ವೆಬ್‌ಸೈಟಿನ ಹಿಂದೆ, ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಏರಿಸಿಕೊಂಡು, ಅವನು ಬಂದ.

ಅವನೆಂದರೆ ಎಸ್‌ಇಒ ತಜ್ಞ. ಜನ ಗೂಗಲ್‌ನಲ್ಲಿ ಏನಾದರೂ ಹುಡುಕಿದಾಗ ತನ್ನ ಗಿರಾಕಿಯ ವೆಬ್‌ಸೈಟು ಉಳಿದವರದಕ್ಕಿಂತ ಮೇಲೆ ಕಾಣುವಂತೆ ಮಾಡುವುದು ಅವನ ಕಸುಬು. ವಯಸ್ಸು ಮೂವತ್ತರ ಆಸುಪಾಸು. ಇಂಜಿನಿಯರಿಂಗ್ ಓದಿದ್ದು ಹಾಸನದಲ್ಲಿ, ಕೆಲಸಕ್ಕಿದ್ದದ್ದು ಬೆಂಗಳೂರಿನಲ್ಲಿ; ಕೋವಿಡ್ ಕಾಲಕ್ಕೆ ಊರಿಗೆ ಬಂದವನು ಅರಸೀಕೆರೆಯಲ್ಲೇ ಉಳಿದುಬಿಟ್ಟ. ಅಪ್ಪನ ಕೊಬ್ಬರಿ ಮಂಡಿಯ ಮಹಡಿಯಲ್ಲೊಂದು ಕೋಣೆ, ಅದೇ ಆಫೀಸು. ಮಾತೆತ್ತಿದರೆ "ನಮ್ಮ ಟೀಮು" ಎನ್ನುತ್ತಾನೆ. ಟೀಮೆಂದರೆ ಅವನು ಮತ್ತು ಫೋಟೊಗಳಿಗೆ ಬಣ್ಣ ಏರಿಸುವ ಅವನ ಚಿಕ್ಕಪ್ಪನ ಮಗ. ಊರಿನವರ ಸೈಟನ್ನೆಲ್ಲ ಮೇಲೆತ್ತಲು ಹೊರಟವನ ಸ್ವಂತ ಸೈಟು ಮಾತ್ರ ಇವತ್ತಿಗೂ "ಶೀಘ್ರದಲ್ಲೇ ನಿರೀಕ್ಷಿಸಿ" ಎನ್ನುತ್ತಿದೆ. ಅವನಿಗೆ ಗಿರಾಕಿಗಳು ಸಿಗುವುದು ಮದುವೆ ಮನೆಗಳಲ್ಲಿ, ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರಾಗಿ.

ಹೋಂಸ್ಟೇ ತೆರೆದಿದ್ದ ಬೇಲೂರಿನ ನಿವೃತ್ತ ಹೆಡ್‌ಮಾಸ್ತರೊಬ್ಬರು ಅವನಿಗೆ ಸಿಕ್ಕಿದ್ದೂ ಹಾಗೆಯೇ. ಮೇಷ್ಟ್ರು ಈ ಲೇಖಕರಿಗೆ ಹತ್ತಿರದ ನೆಂಟರು; ಆದ್ದರಿಂದ ಮುಂದಿನ ವಿವರಗಳಲ್ಲಿ ಯಾರೂ ನಿಷ್ಪಕ್ಷಪಾತವನ್ನು ನಿರೀಕ್ಷಿಸಬಾರದು.

ಮೊದಲ ಭೇಟಿಯಲ್ಲಿ ಅವನು ಲ್ಯಾಪ್‌ಟಾಪ್ ತೆರೆದು, ಜ್ವರ ನೋಡಿದ ಡಾಕ್ಟರ ಮುಖ ಮಾಡಿ, "ಸಾರ್, ನಿಮ್ಮ ಡಿಎ ತುಂಬಾ ಕಮ್ಮಿ ಇದೆ" ಎಂದ. ಮೇಷ್ಟ್ರಿಗೆ ಗಾಬರಿಯಾಯಿತು. "ಪೆನ್ಷನ್ನಿಗೆ ಮೊನ್ನೆ ತಾನೇ ಸೇರಿಸಿದರಲ್ಲಪ್ಪ?" ಅವರ ತುಟ್ಟಿಭತ್ಯೆಗೂ ಅವನ ಡೊಮೇನ್ ಅಥಾರಿಟಿಗೂ ಸಂಬಂಧವಿಲ್ಲವೆಂದು ತಿಳಿಯುವಷ್ಟರಲ್ಲಿ ಕಾಫಿ ಆರಿತ್ತು. ಡೊಮೇನ್ ಅಥಾರಿಟಿ ಎನ್ನುವುದು ಮಾಜ್ ಎಂಬ ಅಮೆರಿಕದ ಕಂಪನಿ ಹಾಕುವ ಮಾರ್ಕು. ಗೂಗಲ್ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದನ್ನು ಅವನು ಹೇಳಲಿಲ್ಲ. ಸರ್ಕಾರಿ ನೌಕರನಿಗೆ ಡಿಎ ಕಮ್ಮಿ ಎಂದರೆ ಸಾಕು, ಅರ್ಧ ವ್ಯಾಪಾರ ಕುದುರಿದಂತೆಯೇ. ಆರು ತಿಂಗಳಲ್ಲಿ ಮೊದಲ ಪುಟ, ಗ್ಯಾರಂಟಿ, ಮುಂಗಡ ಅರ್ಧ ಎಂದು ತೀರ್ಮಾನವಾಯಿತು.

ಗೂಗಲ್ ತಾನೇ ಪ್ರಕಟಿಸಿರುವ ಮಾರ್ಗದರ್ಶಿಯಲ್ಲಿ ಮೊದಲ ಸ್ಥಾನದ ಗ್ಯಾರಂಟಿ ಕೊಡಲು ಯಾರಿಂದಲೂ ಸಾಧ್ಯವಿಲ್ಲ, ಹಾಗೆ ಕೊಡುವವರ ಬಗ್ಗೆ ಹುಷಾರಾಗಿರಿ ಎಂದಿದೆ. ಮಾಡಿದ ಕೆಲಸ ಫಲ ಕೊಡಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕೆಂದೂ ಇದೆ. ಈ ಎರಡರಲ್ಲಿ ನಮ್ಮ ತಜ್ಞನಿಗೆ ಎರಡನೆಯದು ಬಾಯಿಪಾಠ. "ಉಂಡೆ ಕೊಬ್ಬರಿ ಇದ್ದ ಹಾಗೆ ಸಾರ್. ಕಾಯಿ ಅಟ್ಟಕ್ಕೆ ಹಾಕಿದ ಮೇಲೆ ಒಳಗೆ ಗಿಟುಕು ಅಲ್ಲಾಡೋವರೆಗೂ ಕಾಯಬೇಕು. ಮಧ್ಯೆ ಒಡೆದು ನೋಡಿದರೆ ಕೆಟ್ಟಿತು." ಕೊಬ್ಬರಿ ಮಂಡಿಯ ಮಗನ ಬಾಯಲ್ಲಿ ಇದು ಚೆನ್ನಾಗಿಯೇ ಕೇಳಿಸುತ್ತಿತ್ತು.

ಆರನೆಯ ತಿಂಗಳು ಅವನು ಅಟ್ಟದಿಂದ ಕಾಯಿ ಇಳಿಸಲು ಬಂದ. ಈ ಪ್ರಸಂಗವನ್ನು ಸಾವಕಾಶವಾಗಿ ಹೇಳಬೇಕು, ಯಾಕೆಂದರೆ ಈ ಜಾತಿಯ ತಜ್ಞರೆಲ್ಲ ಒಂದಲ್ಲ ಒಂದು ದಿನ ಇದೇ ಆಟ ಕಟ್ಟುತ್ತಾರೆ. ಪಡಸಾಲೆಯಲ್ಲಿ ಮೇಷ್ಟ್ರು, ಪಕ್ಕದ ಮನೆಯವರು, ಸಾಕ್ಷಿಗೆಂದು ಕರೆಸಿದ್ದ ಈ ಲೇಖಕರು. ಮೇಷ್ಟ್ರ ಹೆಂಡತಿ, ಅಂದರೆ ಅಮ್ಮನವರು, ಅಡುಗೆಮನೆಯ ಬಾಗಿಲಲ್ಲಿ ನೆನೆಹಾಕಿದ ಅವರೆಕಾಳನ್ನು ಹಿತುಕುತ್ತಾ ಕೂತಿದ್ದರು. ಬೆರಳ ನಡುವಿಂದ ಒಂದೊಂದೇ ಬೇಳೆ ಪುಟಕ್ಕನೆ ಹಾರಿ ಬಟ್ಟಲಿಗೆ ಬೀಳುತ್ತಿತ್ತು. ತಜ್ಞ ಮೇಷ್ಟ್ರ ಫೋನನ್ನೇ ಕೇಳಿ ಪಡೆದ. ಅದರಲ್ಲಿ ಹೋಂಸ್ಟೇಯ ಪೂರ್ತಿ ಹೆಸರು ಟೈಪಿಸಿದ. ಕೊನೆಗೆ ಬೇಲೂರು ಎಂದೂ ಸೇರಿಸಿದ. ಒತ್ತಿದ.

ಮೊದಲನೆಯದಾಗಿ ಅದೇ ಬಂತು! ಪಕ್ಕದ ಮನೆಯವರ ಮುಖ ಸಣ್ಣಗಾಯಿತು. ಮೇಷ್ಟ್ರು, ಪಾಪ, ಮಗ ರ‍್ಯಾಂಕ್ ಬಂದ ದಿನದಂತೆ ಕನ್ನಡಕ ಒರೆಸಿಕೊಂಡರು. ತಜ್ಞ ಬಾಕಿ ಮೊತ್ತದ ಬಿಲ್ಲಿಗಾಗಿ ಚೀಲಕ್ಕೆ ಕೈ ಹಾಕಿದ.

"ಅಲ್ಲಪ್ಪ," ಅಮ್ಮನವರು ಬೇಳೆಯ ಮೇಲಿಂದ ಕಣ್ಣೆತ್ತದೆ ಕೇಳಿದರು, "ನಮ್ಮನೆ ಹೆಸರು ಗೊತ್ತಿರೋರು ಫೋನೇ ಮಾಡ್ತಾರೆ. ಗೊತ್ತಿಲ್ದೋರು ಏನಂತ ಹುಡುಕ್ತಾರೆ?"

ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಮೇಷ್ಟ್ರು ಬೆಂಗಳೂರಿನ ಮಗನಿಗೆ ಫೋನು ಹಚ್ಚಿ, ಬೇಲೂರಿನಲ್ಲಿ ಉಳಿಯಲು ಜಾಗ ಎಂದಷ್ಟೇ ಹುಡುಕಲು ಹೇಳಿದರು. ಸ್ಪೀಕರಿನಲ್ಲಿ ಅವನ ವೀಕ್ಷಕ ವಿವರಣೆ ಶುರುವಾಯಿತು. ಮೊದಲು ಜಾಹೀರಾತು. ಆಮೇಲೆ ರೂಮು ಬುಕ್ ಮಾಡುವ ದೊಡ್ಡ ಕಂಪನಿಗಳು, ಒಂದರ ಹಿಂದೊಂದು. ನಕ್ಷೆಯ ಚೌಕ. ಪ್ರವಾಸೋದ್ಯಮ ನಿಗಮದ ಮಯೂರ ವೇಲಾಪುರಿ. "ಎರಡನೇ ಪುಟಕ್ಕೆ ಬಂದೆ ಅಪ್ಪ... ಮೂರನೇದು... ಇಲ್ಲಿ ಯಾವುದೋ ಬಟ್ಟೆ ಅಂಗಡಿ ಇದೆ." ತಜ್ಞ ಆಗ ಕೊಟ್ಟ ವಿವರಣೆಯಲ್ಲಿ ಸುಳ್ಳೇನೂ ಇರಲಿಲ್ಲ. ಹುಡುಕುವವರು ಎಲ್ಲಿದ್ದಾರೆ, ಯಾವ ಭಾಷೆಯಲ್ಲಿ ಕೇಳುತ್ತಾರೆ, ಹಿಂದೆ ಏನು ನೋಡಿದ್ದರು ಎಂಬುದರ ಮೇಲೆ ಗೂಗಲ್‌ನ ಉತ್ತರ ಬದಲಾಗುತ್ತದೆ. ಬೇಲೂರಿನಲ್ಲೇ ಕೂತವರಿಗೆ ಕಂಡದ್ದು ಬೆಂಗಳೂರಿನವರಿಗೆ ಕಾಣಬೇಕೆಂದಿಲ್ಲ. ಇಷ್ಟೆಲ್ಲ ಗೊತ್ತಿದ್ದವನು ಮೇಷ್ಟ್ರ ಫೋನನ್ನೇ ಯಾಕೆ ಕೇಳಿ ಪಡೆದ ಎಂದು ಮಾತ್ರ ಯಾರೂ ಕೇಳಲಿಲ್ಲ. ಅಮ್ಮನವರು ಊಟಕ್ಕೆ ಏಳಿಸಿದರು. ಹಿತುಕಿದ ಬೇಳೆ ಸಾರಿಗೆ ಅವನು ಎರಡು ಸಲ ಅನ್ನ ಹಾಕಿಸಿಕೊಂಡ.

(ಆ ರಾತ್ರಿ ಈ ಲೇಖಕರೂ ಸದ್ದಿಲ್ಲದೆ ತಮ್ಮ ಹೆಸರನ್ನು ಹುಡುಕಿ ನೋಡಿದ್ದುಂಟು. ಮೊದಲು ಬಂದದ್ದು ಅದೇ ಹೆಸರಿನ ಒಬ್ಬ ದಂತವೈದ್ಯರು. ಎರಡನೆಯದು ಟೈರ್ ಅಂಗಡಿ.)

ತಿಂಗಳ ವರದಿ ಎಂಬುದು ಅವನ ಇನ್ನೊಂದು ಕಲೆ. ಪಿಡಿಎಫ್ ತುಂಬ ಹಸಿರು ಬಾಣಗಳು, ಎಲ್ಲವೂ ಮೇಲ್ಮುಖ. ಒಂದು ತಿಂಗಳು ಬಾಣ ಹಾಳೆ ಹರಿದುಕೊಂಡು ಹೋಗುವಂತಿತ್ತು. ಅದೇ ತಿಂಗಳು ಮನೆಗೆ ಫೋನುಗಳೂ ಹೆಚ್ಚಿದ್ದವು. ಎಲ್ಲರೂ ಹಿಂದಿಯಲ್ಲಿ, ಬಂಗಾಳಿಯಲ್ಲಿ ಸಂಜೆಯ ಆರತಿ ಎಷ್ಟು ಹೊತ್ತಿಗೆ, ಹೌರಾ ಸ್ಟೇಷನ್ನಿಂದ ಎಷ್ಟು ದೂರ ಎಂದು ಕೇಳುವವರು. ಇಂಗ್ಲಿಷ್‌ನಲ್ಲಿ ಬೇಲೂರು ಎಂದು ಟೈಪಿಸಿದವರಲ್ಲಿ ಹೂಗ್ಲಿ ದಡದ ಬೇಲೂರು ಮಠಕ್ಕೆ, ರಾಮಕೃಷ್ಣ ಮಠದ ಕೇಂದ್ರಕ್ಕೆ, ಹೊರಟವರೂ ಇರುತ್ತಾರೆ. ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸುವಾಗ ಈ ತೊಂದರೆಯನ್ನು ಊಹಿಸಿರಲಾರ. ಅಮ್ಮನವರು ತಮಗೆ ಬರುವಷ್ಟು ಹಿಂದಿಯಲ್ಲಿ "ಯೇ ವೋ ಬೇಲೂರ್ ನಹೀ" ಎಂದು ಒಪ್ಪಿಸುತ್ತಾ ವಾರ ಕಳೆದರು.

ಇನ್ನು ಬರವಣಿಗೆ. ಸೈಟಿಗೆ ಲೇಖನಗಳಿರಬೇಕೆಂದು ಅವನು ಎಲ್ಲಿಂದಲೋ ಸಗಟು ದರದಲ್ಲಿ ತರಿಸಿದ. ಅದರಲ್ಲೊಂದು, ಹಳೇಬೀಡು ರೈಲು ನಿಲ್ದಾಣದಿಂದ ಹೊಯ್ಸಳೇಶ್ವರಕ್ಕೆ ಐದೇ ನಿಮಿಷದ ದಾರಿ ಎಂದು ಸಾರಿತು. ಹಳೇಬೀಡಿಗೆ ರೈಲೇ ಇಲ್ಲ. ರೈಲಿನಲ್ಲಿ ಬರುವವರು ಅರಸೀಕೆರೆಯಲ್ಲೋ ಹಾಸನದಲ್ಲೋ ಇಳಿದು ಬಸ್ಸು ಹಿಡಿಯಬೇಕು. ಅರಸೀಕೆರೆ ಜಂಕ್ಷನ್ನಿನ ಸಿಳ್ಳೆ ಕೇಳಿಕೊಂಡೇ ಬೆಳೆದವನ ಸೈಟಿನಲ್ಲಿ ಈ ಮಾತು!

ಪುಟದ ತಳಭಾಗದ ಕಥೆ ಬೇರೆ. ಅಲ್ಲಿ ಬೆಳ್ಳಗೆ ಖಾಲಿ ಜಾಗವಿತ್ತು. ರಜೆಗೆ ಬಂದ ಮೊಮ್ಮಗಳು ಸುಮ್ಮನೆ ಮೌಸ್ ಎಳೆದಾಗ ನೀಲಿ ಪಟ್ಟಿಯೊಳಗಿಂದ ಅಕ್ಷರಗಳು ಎದ್ದುಬಂದವು. ಬಿಳಿಯ ಮೇಲೆ ಬಿಳಿ. ಹಳೇಬೀಡಿನ ಇಂಗ್ಲಿಷ್ ಕಾಗುಣಿತ ನಾಲ್ಕು ಬಗೆಯಲ್ಲಿ, ವೇಲಾಪುರಿ, ದ್ವಾರಸಮುದ್ರ, ಅಗ್ಗದ ರೂಮು, ಅಗ್ಗದ ರೂಮು, ಅಗ್ಗದ ರೂಮು, ಜಾವಗಲ್ ಶ್ರೀನಾಥ್. ಅರಸೀಕೆರೆಯಿಂದ ಬರುವ ದಾರಿಯಲ್ಲಿ ಜಾವಗಲ್ ಸಿಗುತ್ತದೆ ನಿಜ. ಆದರೆ ವೇಗದ ಬೌಲರನ್ನು ಹುಡುಕಿ ಹೊರಟವರು ಬೇಲೂರಿನಲ್ಲಿ ರೂಮು ಮಾಡುತ್ತಾರೆಂಬ ಭರವಸೆ ಅವನದು. ಇಂಥ ಬಚ್ಚಿಟ್ಟ ಅಕ್ಷರಗಳನ್ನು ಗೂಗಲ್ ಮೋಸವೆಂದೇ ಎಣಿಸುತ್ತದೆ. ಹುಡುಕಾಟದ ಯಂತ್ರಕ್ಕೊಂದು ಪುಟ, ಜನಕ್ಕೊಂದು ಪುಟ ತೋರಿಸಿದ್ದಕ್ಕೆ 2006ರಲ್ಲಿ ಬಿಎಂಡಬ್ಲ್ಯು ಕಾರಿನವರ ಜರ್ಮನ್ ಸೈಟನ್ನೇ ಅದು ಪಟ್ಟಿಯಿಂದ ಕಿತ್ತುಹಾಕಿತ್ತು. ಪುಟದ ಕೋಡಿನೊಳಗೆ ಗುಟ್ಟಾಗಿ ಸೇರಿಸುವ ಕೀವರ್ಡ್, ಅಂದರೆ ಹುಡುಕುಪದಗಳ, ಪಟ್ಟಿಯನ್ನು ತಾನು ಲೆಕ್ಕಕ್ಕೇ ಹಿಡಿಯುವುದಿಲ್ಲವೆಂದು 2009ರಲ್ಲಿ ಹೇಳಿಯೂ ಆಗಿದೆ.

ಸಿಕ್ಕಿಬಿದ್ದ ತಜ್ಞ ಎದೆಗುಂದಲಿಲ್ಲ. "ರಾಜರೂ ಇದನ್ನೇ ಮಾಡಿದ್ದು ಸಾರ್. ಶಾಸನ ನೋಡಿ. ತಲಕಾಡುಗೊಂಡ, ಮಲೆಪರೊಳ್ ಗಂಡ ಅಂತ ಸಾಲುಗಟ್ಟಲೆ ಬಿರುದು. ಕೀವರ್ಡ್ ಅಲ್ಲದೆ ಇನ್ನೇನು?"

"ಅವರು ಕಾಣೋ ಹಾಗೆ ಕೆತ್ತಿಸಿದರಪ್ಪ" ಎಂದರು ಮೇಷ್ಟ್ರು.

ಇಷ್ಟಾದರೂ ಅವನನ್ನು ಬಿಡಿಸಲಿಲ್ಲ ಯಾಕೆ ಎಂದರೆ, ಅವನು ಬಿಲ್ಲಿನಲ್ಲಿ ಬರೆಯದ ಕೆಲಸಗಳಿದ್ದವು. ಗೂಗಲ್ ನಕ್ಷೆಯಲ್ಲಿ ಈ ಮನೆಯ ಗುರುತು ಯಾರ ಕೈತಪ್ಪಿನಿಂದಲೋ ವಿಷ್ಣುಸಮುದ್ರ ಕೆರೆಯೊಳಗೆ ಬಿದ್ದಿತ್ತು. ರಾತ್ರಿ ಬರುವ ಕಾರುಗಳು ಕೆರೆ ಏರಿಯ ಮೇಲೆ ನಿಂತು ಹಾರ್ನ್ ಮಾಡುತ್ತಿದ್ದವು. ಅವನು ಮೊದಲ ವಾರವೇ ಗೇಟಿನ ಮುಂದೆ ನಿಂತು, ಫೋನನ್ನು ಆಚೆ ಈಚೆ ತಿರುಗಿಸಿ, ಗುರುತನ್ನು ಕೆರೆಯಿಂದ ಎತ್ತಿ ದಡ ಸೇರಿಸಿದ್ದ. ಹಳೆಯ ಫೋನ್ ನಂಬರ್ ಬದಲಿಸಿದ್ದ. ಅತಿಥಿಗಳು ನಿಜವಾಗಿ ಏನು ಕೇಳುತ್ತಾರೆ ಎಂದು ಅಮ್ಮನವರನ್ನು ಕೂರಿಸಿಕೊಂಡು ಬರೆದುಕೊಂಡಿದ್ದ. ಮಧ್ಯಾಹ್ನ ಗುಡಿಯ ಅಂಗಳದ ಕಲ್ಲು ಕಾದಿರುತ್ತದೆ, ಕಾಲುಚೀಲ ತನ್ನಿ. ಅರಸೀಕೆರೆಯಲ್ಲಿ ಇಳಿಯುವವರು ಕತ್ತಲಾಗುವ ಮುಂಚೆ ಬಸ್ಸು ಹತ್ತಿ. ಇವೆಲ್ಲ ಅವನ ಲೆಕ್ಕದಲ್ಲಿ ಎಸ್‌ಇಒ ಅಲ್ಲ, "ಚಿಲ್ಲರೆ ಕೆಲಸ ಅಮ್ಮಾ". ಬರುವ ಅಲ್ಪಸ್ವಲ್ಪ ಅತಿಥಿಗಳು ಬರುತ್ತಿದ್ದುದು ಈ ಚಿಲ್ಲರೆಯಿಂದಲೇ ಎಂಬುದು ಅವನಿಗೆ ತಿಳಿದಿತ್ತೋ ಇಲ್ಲವೋ.

ಸೈಟಿನಲ್ಲಿ ಇನ್ನೊಂದು ಪುಟವಿದೆ. ಅದನ್ನು ಯಾರೂ ಕೇಳಿರಲಿಲ್ಲ, ಅದಕ್ಕೆ ಅವನು ಬಿಲ್ಲೂ ಹಾಕಿಲ್ಲ. ಅರಸೀಕೆರೆಯ ಶಿವಾಲಯದ ಮೇಲೆ, ಅಚ್ಚಕನ್ನಡದಲ್ಲಿ, ಅವನೇ ಕೂತು ಬರೆದದ್ದು. 1220ರ ಸುಮಾರಿನ ಗುಡಿ. ಮುಂದೆ ಹದಿನಾರು ಮೂಲೆಯ ನಕ್ಷತ್ರದಂತೆ ಚಾಚಿಕೊಂಡ ತೆರೆದ ಮಂಟಪ, ಹೊಯ್ಸಳರ ಕಟ್ಟಡಗಳಲ್ಲೇ ಅಪರೂಪದ್ದು. ಯುನೆಸ್ಕೊ ಪಟ್ಟಿಯಲ್ಲಿ ಇದಿಲ್ಲ. ರೈಲು ಬದಲಿಸುವವರು ಜಂಕ್ಷನ್ನಿನಲ್ಲಿ ಚಹಾ ಕುಡಿದು ಹೊರಟುಹೋಗುತ್ತಾರೆ, ಗುಡಿ ಊರೊಳಗೇ ಉಳಿಯುತ್ತದೆ. ಶಾಲೆ ತಪ್ಪಿಸಿ ಆ ಮಂಟಪದ ಕಲ್ಲುಬೆಂಚಿನಲ್ಲಿ, ಕಕ್ಷಾಸನದಲ್ಲಿ, ಮಲಗುತ್ತಿದ್ದುದನ್ನು, ಮೇಲೆ ನೋಡಿದರೆ ಕಾಣುವ ಕೆತ್ತನೆಯ ಛಾವಣಿ ಭುವನೇಶ್ವರಿಯನ್ನು ಅವನು ಬರೆದಿದ್ದಾನೆ. ಒಂದೂ ಕೀವರ್ಡಿಲ್ಲ. ಮೇಷ್ಟ್ರು ಓದಿ ಎರಡು ಕಡೆ ಒತ್ತಕ್ಷರ ತಿದ್ದಿ, "ನೀನು ಬರೀಬಹುದು ಕಣಯ್ಯ" ಎಂದರು. ಅವನು ತಲೆ ತಗ್ಗಿಸಿ, ಇದಕ್ಕೆ ಸರ್ಚ್ ವಾಲ್ಯೂಮ್ ಇಲ್ಲ ಸಾರ್, ಯಾರೂ ಹುಡುಕಲ್ಲ ಎಂದ.

ವರ್ಷ ತುಂಬಿದಾಗ ನವೀಕರಣದ ಪ್ರಶ್ನೆ ಬಂತು. ಅವನು ಸ್ವಲ್ಪ ಏರಿಸಿದ, ಮೇಷ್ಟ್ರು ಅರ್ಧಕ್ಕೆ ಇಳಿಸಿದರು, ಗ್ಯಾರಂಟಿ ಎಂಬ ಸಾಲನ್ನು ಅಮ್ಮನವರು ಹೊಡೆದುಹಾಕಿಸಿದರು. ವರದಿಯಲ್ಲಿ ಬಾಣದ ಬದಲು ಎಷ್ಟು ಜನ ಬಂದು ಮಲಗೆದ್ದು ಹೋದರು ಎಂದು ಬರೆಯತಕ್ಕದ್ದು ಎಂದಾಯಿತು. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಅವನು ಸಂಕೋಚದಿಂದ ಒಂದು ಉಪಕಾರ ಕೇಳಿದ. ಗೂಗಲ್‌ನಲ್ಲಿ ತನ್ನ ಆಫೀಸಿಗೆ ಸಾರ್ ಒಂದು ಐದು ಸ್ಟಾರಿನ ರಿವ್ಯೂ ಬರೆದುಕೊಡಬೇಕು.

ಮೇಷ್ಟ್ರು ಸರ್ವೀಸಿನಲ್ಲಿ ಯಾವ ಹುಡುಗನಿಗೂ ಔಟಾಫ್ ಔಟ್ ಕೊಟ್ಟವರಲ್ಲ. ಆ ಸಂಜೆಯೇ ಕನ್ನಡಕ ಏರಿಸಿ, ಒಂದೇ ಬೆರಳಲ್ಲಿ ಟೈಪಿಸಿ ಮೂರು ಸ್ಟಾರು ಕೊಟ್ಟು ಷರಾ ಬರೆದರು: "ಹುಡುಗ ಒಳ್ಳೆಯವನು. ಗಣಿತದಲ್ಲಿ ಇನ್ನಷ್ಟು ಪರಿಶ್ರಮ ಬೇಕು." ಬೆಳಗಾಗುವಷ್ಟರಲ್ಲಿ ಅರಸೀಕೆರೆಯಿಂದ ಫೋನು ಬಂತು. ಉಳಿದೆರಡು ಸ್ಟಾರುಗಳ ಚೌಕಾಸಿ ಇನ್ನೂ ನಡೆದಿದೆ. ಅವನು ಶಿವಾಲಯದ ಪುಟವನ್ನು ಆಧಾರವಾಗಿ ಮುಂದಿಟ್ಟಿದ್ದಾನೆ, ಮೇಷ್ಟ್ರು ಅರ್ಧ ಸ್ಟಾರು ಕೊಡಲು ಗೂಗಲ್ ಬಿಡುವುದಿಲ್ಲವಲ್ಲ ಎಂದು ಬೇಸರಪಟ್ಟುಕೊಳ್ಳುತ್ತಿದ್ದಾರೆ.