ಲಗೂ–ತಡಿ ಮೀಮಾಂಸೆ

ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ ಸೀಮೆಯ ದಂಪತಿಗಳ ಪ್ರಯಾಣಶಾಸ್ತ್ರಕ್ಕೆ ಒಂದು ಕಿರುಪೀಠಿಕೆ

ಪ್ರಸ್ತಾವನೆ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದ ಹಿರಿಯರ ಹತ್ತಿರ ಕಾರು ಇರಲಿಲ್ಲ, ಚಕ್ಕಡಿ ಇತ್ತು. ಚಕ್ಕಡಿ ಎಲ್ಲಿ ನಿಲ್ಲಬೇಕು, ಎಲ್ಲಿ ನೀರು ಕುಡಿಯಬೇಕು, ಯಾವ ಏರಿನಲ್ಲಿ ಸಾವಕಾಶ ಹೋಗಬೇಕು ಎಂಬುದನ್ನೆಲ್ಲ ಎತ್ತು ನಿರ್ಧರಿಸುತ್ತಿತ್ತು. ಕಾರು ಬಂತು, ಎತ್ತಿನ ಕುರ್ಚಿ ತೆರವಾಯಿತು. ಆ ಒಂದು ಕುರ್ಚಿಗೆ ಒಂದೇ ಮನೆಯಿಂದ ಇಬ್ಬರು ಉಮೇದುವಾರರು ನಿಂತದ್ದೇ ಪ್ರಸ್ತುತ ಸಂಶೋಧನೆಯ ವಿಷಯ.

ಅಧ್ಯಯನಕ್ಕೆ ಆಯ್ದುಕೊಂಡ ದಂಪತಿಗಳ ಸಂಖ್ಯೆ 1. ಅವರಲ್ಲಿ ಒಬ್ಬರು ಈ ಲೇಖಕ. ಇನ್ನೊಬ್ಬರು ಈ ಪ್ರಬಂಧದ ಯಾವ ನಿರ್ಣಯವನ್ನೂ ಒಪ್ಪಿಲ್ಲ. ಗಂಡನ ಮನೆ ನಿಪ್ಪಾಣಿ, ಹೆಂಡತಿಯ ತವರು ಅಥಣಿ. ಅಧ್ಯಯನ ಅಕ್ಕಿಕಾಳು ಬಿದ್ದ ದಿನ ಶುರುವಾಗಿದ್ದು, ಮುಗಿಯುವ ಲಕ್ಷಣವಿಲ್ಲ.

ಪಂಥ ವಿಭಾಗ

ಈ ಸೀಮೆಯ ಪ್ರಯಾಣಿಕರಲ್ಲಿ ಎರಡು ಪಂಥ. “ನಡೀರಿ ಲಗೂ” ಎನ್ನುವವರು ಲಗೂವಾದಿಗಳು. “ತಡಿ, ಒಂದ ಚಾ ಕುಡದ ಹೋಗೂನು” ಎನ್ನುವವರು ತಡಿವಾದಿಗಳು. ಲಗೂವಾದಿಯ ಲೆಕ್ಕ ಗಂಟೆಯದು, ತಡಿವಾದಿಯ ಲೆಕ್ಕ ಕಪ್ಪು ಬಶಿಯದು.

ಎರಡೂ ಪಂಥಗಳ ತಾತ್ವಿಕ ಭೇದ ಬುತ್ತಿಯ ಗಂಟಿನಲ್ಲಿ ಬಿಚ್ಚಿಕೊಳ್ಳುತ್ತದೆ. ಹೆಂಡತಿ ನಸುಕಿನಲ್ಲೆದ್ದು ಚಪಾತಿಯಲ್ಲಿ ಪಲ್ಯ ಸುತ್ತಿ ಸುರುಳಿ ಮಾಡುವುದು ಗಾಡಿ ಎಲ್ಲಿಯೂ ನಿಲ್ಲಬಾರದೆಂದು. ಬುತ್ತಿ ಇದೆಯೆಂದ ಮೇಲೆ ಗಿಡದ ನೆರಳಿಗೆ ಗಾಡಿ ಹಚ್ಚಲೇಬೇಕು ಎಂಬುದು ಗಂಡನ ಸಿದ್ಧಾಂತ. ಒಂದೇ ಚಪಾತಿ, ಎರಡು ದರ್ಶನ.

ರೈಲು ಇಲಾಖೆ ಈ ವಾದದಲ್ಲಿ ಬಹಳ ಹಿಂದೆಯೇ ತಡಿವಾದಿಗಳ ಪರ ಸಾಕ್ಷಿ ನುಡಿದಿದೆ. ಮೀರಜ–ಬೆಳಗಾವಿ ಮಾರ್ಗದಲ್ಲಿ ‘ಚಿಕ್ಕೋಡಿ ರೋಡ್’ ಎಂಬ ನಿಲ್ದಾಣವಿದೆ. ಅಲ್ಲಿ ಚಿಕ್ಕೋಡಿ ಇಲ್ಲ, ರೋಡು ಇದೆ. ಊರು ಮುಟ್ಟುವುದಕ್ಕಿಂತ ದಾರಿಯಲ್ಲಿರುವುದೇ ಮುಖ್ಯವೆಂದು ಬೋರ್ಡು ಬರೆಸಿ ನೆಟ್ಟ ಇಲಾಖೆ ಬೇರೊಂದಿಲ್ಲ.

ಪೌರಾಣಿಕ ಆಧಾರ

ಈ ವಾದದ ಮೊದಲ ಪ್ರಕರಣ ಕೃಷ್ಣೆಯ ದಂಡೆಯಲ್ಲೇ ನಡೆದಿದೆ. ದಕ್ಷ ಯಜ್ಞ ಹೂಡಿದ. ಅಳಿಯನಿಗೆ ಕರೆ ಬರಲಿಲ್ಲ. ಸತಿ “ತವರಿಗೆ ಹೋಗಲೇಬೇಕು” ಎಂದಳು, ಶಿವ “ತಡಿ” ಎಂದ. ಸತಿ ಗಾಡಿ ತಗೊಂಡು ಹೊರಟೇಬಿಟ್ಟಳು. ಗಾಡಿಯೆಂದರೆ ನಂದಿ.

ಈ ಭಾಗದ ಐತಿಹ್ಯದ ಪ್ರಕಾರ, ಸತಿಯನ್ನು ಕಳೆದುಕೊಂಡು ಕೋಪಗೊಂಡ ಶಿವನೇ ಖಿದ್ರಾಪುರದ ಕೋಪೇಶ್ವರ. 12ನೆಯ ಶತಮಾನದ ಆ ಶಿಲಾಹಾರ ಗುಡಿಯಲ್ಲಿ 48 ಕಂಬಗಳ ಸ್ವರ್ಗಮಂಟಪವಿದೆ, ಚಾವಣಿಯ ನಡುವೆ ಆಕಾಶ ಕಾಣುವ ದುಂಡು ಕಿಂಡಿಯಿದೆ, ಎಲ್ಲ ಇದೆ. ನಂದಿ ಮಾತ್ರ ಇಲ್ಲ. ಅದು ಇರುವುದು ಚಿಕ್ಕೋಡಿ ತಾಲೂಕಿನ ಯಡೂರಿನಲ್ಲಿ, ದಕ್ಷನ ಯಜ್ಞ ಕೆಡಿಸಿದ ವೀರಭದ್ರನ ಊರಲ್ಲಿ. ರಾಜ್ಯಗಳ ಗಡಿ ಬಿದ್ದ ಮೇಲೆ ಪ್ರಕರಣ ಮತ್ತಷ್ಟು ಜಟಿಲವಾಗಿದೆ: ಗಂಡ ಮಹಾರಾಷ್ಟ್ರದಲ್ಲಿ, ಗಾಡಿ ಕರ್ನಾಟಕದಲ್ಲಿ.

ಕೋಪೇಶ್ವರನ ಗರ್ಭಗುಡಿಯಲ್ಲಿ ಎರಡು ಲಿಂಗಗಳಿವೆ. ಎರಡನೆಯದು ಧೋಪೇಶ್ವರ, ಸಿಟ್ಟು ಇಳಿಸಲು ಬಂದ ವಿಷ್ಣು. ಗಂಡ ಹೆಂಡತಿಯ ನಡುವೆ ಬಾಯಿ ಹಾಕಿದವನು ಮರಳಿ ಹೋಗುವಂತಿಲ್ಲ ಎಂಬ ಸೂತ್ರ ಇಲ್ಲಿಂದ ಹುಟ್ಟಿತು.

ಮಧ್ಯಸ್ಥಿಕೆಯ ವಿಧಗಳು

ಮೊದಲನೆಯದು ಆಯೋಗ. 1966ರಲ್ಲಿ ಈ ಎರಡು ರಾಜ್ಯಗಳ ಗಡಿ ವಿವಾದಕ್ಕೆ ಮಹಾಜನ ಆಯೋಗ ಕೂತಿತು, 1967ರಲ್ಲಿ ವರದಿ ಬಂತು. ಒಂದು ರಾಜ್ಯ ಅದನ್ನೇ ಅಂತಿಮ ಎಂದಿತು, ಇನ್ನೊಂದು ಮುಟ್ಟಲಿಲ್ಲ. 2004ರಿಂದ ದಾವೆ ಸುಪ್ರೀಂ ಕೋರ್ಟಿನಲ್ಲಿದೆ. ನಮ್ಮ ಗಾಡಿಯಲ್ಲಿ ಈ ಆಯೋಗ ಹಿಂದಿನ ಸೀಟಿನಲ್ಲಿ ಕೂಡುತ್ತದೆ. ಅವರು ನನ್ನ ಅವ್ವ. “ಆಕಿ ಹೇಳೂದೂ ಖರೆ ಐತಿ, ನೀ ಹೇಳೂದೂ ಖರೆ ಐತಿ” ಎಂದು ವರದಿ ಕೊಟ್ಟು, ನಿದ್ದೆ ಹೋಗುತ್ತಾರೆ.

ಎರಡನೆಯದು ಟ್ರ್ಯಾಕ್ಟರ್. ದೀಪಾವಳಿ ದಾಟಿತೆಂದರೆ ಉಗಾರ, ಚಿಕ್ಕೋಡಿ, ಅಥಣಿ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಹೊರಡುತ್ತದೆ. ಎರಡೆರಡು ಟ್ರೇಲರು, ಹಿಂದೆ ದೀಪವಿಲ್ಲ, ಮುಂದೆ ಮೈಲುದೂರ ಕೇಳುವ ಹಾಡು. ಈ ಮೆರವಣಿಗೆಯ ಬೆನ್ನಿಗೆ ಬಿದ್ದ ಲಗೂವಾದಿ ನಿಲ್ಲಲಾರ, ಹೋಗಲಾರ. ತಡಿವಾದಿಗೆ ತಡವಿದೆ, ಚಹಾ ಇಲ್ಲ. ಇಬ್ಬರಿಗೂ ಸಮನಾಗಿ ಅನ್ಯಾಯ ಮಾಡುವುದರಿಂದ ಇದು ಅತ್ಯಂತ ನ್ಯಾಯಯುತ ಮಧ್ಯಸ್ಥಿಕೆ.

ಮೂರನೆಯದು ಚಿಂಚಲಿ ಮಾಯಕ್ಕ. ಮಾಘದ ಭಾರತ ಹುಣ್ಣಿಮೆಯ ಆಜೂಬಾಜು ಎರಡೂ ರಾಜ್ಯಗಳ ಭಕ್ತರು ಚಕ್ಕಡಿ ಕಟ್ಟಿಕೊಂಡು ರಾಯಬಾಗ ತಾಲೂಕಿಗೆ ಇಳಿಯುತ್ತಾರೆ. ಆ ನಾಲ್ಕು ದಿನ ಎತ್ತು ತನ್ನ ಹಳೆಯ ಕುರ್ಚಿಗೆ ಮರಳುತ್ತದೆ, ಹಾರ್ನು ಬಾರಿಸಿದರೆ ತಿರುಗಿಯೂ ನೋಡುವುದಿಲ್ಲ.

ನಾಲ್ಕನೆಯದು, ಮತ್ತು ಎಲ್ಲಕ್ಕೂ ಮಿಗಿಲಾದದ್ದು, ಹೊಳೆ. ಲಗೂವಾದಿಯ ಪರಮಪದವೆಂದರೆ ‘ಹತ್ತರದ ದಾರಿ’. ಅಂಥ ದಾರಿಗಳೆಲ್ಲ ಕಲ್ಲೋಳ–ಯಡೂರ, ಕುಡಚಿ–ಉಗಾರ, ಮಲಿಕವಾಡ–ದತ್ತವಾಡದಂಥ ತಗ್ಗಿನ ಸೇತುವೆ, ಬಾಂದಾರಗಳ ಮೇಲೆಯೇ ಹಾಯುತ್ತವೆ. ಜುಲೈ ಬಂದರೆ ಕೃಷ್ಣಾ, ದೂಧಗಂಗಾ, ವೇದಗಂಗಾ ಮೂವರೂ ಕೂಡಿ ಅವನ್ನು ನುಂಗುತ್ತಾರೆ. ವಿಚಿತ್ರವೆಂದರೆ ಇಲ್ಲಿ ಬಿಸಿಲು ಹೊಡೆದಿರುತ್ತದೆ. ಮಳೆ ಬಿದ್ದದ್ದು ಮಹಾರಾಷ್ಟ್ರದ ಘಟ್ಟದಲ್ಲಿ, ನೀರು ಬಿಟ್ಟದ್ದು ಕೊಯ್ನಾದಲ್ಲಿ. ದಾಂಪತ್ಯದ ಜಲವಿಜ್ಞಾನವೂ ಇದೇ. ಚಿಕ್ಕೋಡಿ ದಾಟುವಾಗ ಉಕ್ಕಿದ ಸಿಟ್ಟಿನ ಮೂಲ ಚಿಕ್ಕೋಡಿಯಲ್ಲಿರುವುದಿಲ್ಲ. ಅದು ಮೇಲ್ದಂಡೆಯಲ್ಲಿ, ಹೋದ ವರ್ಷದ ನಾಗರಪಂಚಮಿಗೆ ತವರಿಗೆ ಒಂದು ದಿನ ತಡವಾಗಿ ಮುಟ್ಟಿದ ಜಾಗದಲ್ಲಿ ಸುರಿದ ಮಳೆ.

ಚಪ್ಪಲಿ ನ್ಯಾಯ

ಶಾಸ್ತ್ರಗಳಲ್ಲಿ ಅರುಂಧತಿ ನ್ಯಾಯ, ಕಾಕತಾಳೀಯ ನ್ಯಾಯ ಎಂದೆಲ್ಲ ಇವೆ. ಈ ಸೀಮೆಯ ಕಾಣಿಕೆ ಚಪ್ಪಲಿ ನ್ಯಾಯ. ಊರೂರಿಗೆ ಕೊಲ್ಹಾಪುರಿ ಎಂದು ಹೋಗುವ ಚಪ್ಪಲಿಯನ್ನು ಅಥಣಿ, ನಿಪ್ಪಾಣಿಯ ಮನೆಮನೆಗಳಲ್ಲೂ ಹೊಲಿಯುತ್ತಾರೆ. ಹೆಸರು ಆ ಕಡೆಯದು, ಕೈ ಈ ಕಡೆಯದು. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಸಿಕ್ಕಾಗ ಮಹಾರಾಷ್ಟ್ರದ 4 ಜಿಲ್ಲೆ, ಕರ್ನಾಟಕದ 4 ಜಿಲ್ಲೆ ಸೇರಿ ಒಂದೇ ಪಟ್ಟಿಯಾಯಿತು. ನೆಲದ ಮೇಲೆ ಒಪ್ಪದವರು ಅಂಗಾಲಿನ ಕೆಳಗೆ ಒಪ್ಪಿದರು.

ನಮ್ಮ ಪ್ರವಾಸವೂ ಹಾಗೆಯೇ. ಸ್ಟೇರಿಂಗ್ ಹಿಡಿದವನ ಹೆಸರಿನಲ್ಲಿ ನಡೆಯುತ್ತದೆ. ಎಲ್ಲಿ ತಿರುಗಬೇಕೆಂದು ಹೇಳುವ ಕೈ ಪಕ್ಕದ ಸೀಟಿನಲ್ಲಿರುತ್ತದೆ. ಹೊಸ ಚಪ್ಪಲಿ ಮೊದಲ ವಾರ ಕಚ್ಚುತ್ತದೆ. ಎಣ್ಣೆ ಹಚ್ಚಿ ಮೆಟ್ಟುತ್ತ ಹೋದರೆ ಕಾಲಿಗೆ ಹೊಂದುತ್ತದೆ. ಕರಕರ ಸಪ್ಪಳ ಮಾತ್ರ ನಿಲ್ಲುವುದಿಲ್ಲ, ನಿಲ್ಲಲೂಬಾರದು. ಆ ಸಪ್ಪಳಕ್ಕೇ ರೊಕ್ಕ ಕೊಟ್ಟಿರುತ್ತೇವೆ.

ಪ್ರಯೋಗ ಮತ್ತು ನಿರ್ಣಯ

ಹೆಂಡತಿಯ ತಂಗಿಯ ಮಗಳ ಕುಬಸಕ್ಕೆಂದು ಶ್ರಾವಣದಲ್ಲಿ ಅಥಣಿಗೆ ಹೊರಟೆವು. ಚಿಕ್ಕೋಡಿಯಲ್ಲಿ ನಾನು ಚಹಾ ಕೇಳಿದೆ. “ಮುಹೂರ್ತ ನಿಮಗ ಕಾಯತದೇನ್ರಿ?” ಎಂದಳು. ಕಾಗವಾಡದಲ್ಲಿ ಹಳೆಯ ಗೆಳೆಯ ಕಂಡ. “ಕೈ ಮಾಡ್ರಿ ಸಾಕು, ಇಳೀಬ್ಯಾಡ್ರಿ” ಎಂದಳು. ಕೈ ಮಾಡಿದೆ. ಇದು ನಿರೀಕ್ಷಿತ ಫಲಿತಾಂಶ.

ಅನಿರೀಕ್ಷಿತ ಫಲಿತಾಂಶ ಮರುದಿನ ಹೊಳ್ಳಿ ಬರುವಾಗ ದೊರೆಯಿತು. “ತಡೀರಿ, ಶೇಡಬಾಳದಾಗ ಕಾಕುಗ ಒಂದ ಮಾತ ಆಡಿಸಿ ಬರೂನು. ಉಗಾರದಾಗ ಮಾವಶಿ ಅದಾಳು. ಹಂಗ ಕುಡಚಿ ಮ್ಯಾಲೆ ಹಾದ ಮಾಯಕ್ಕಗ ಒಂದ ಕಾಯಿ ಒಡಸೂನು.” ಅಷ್ಟರಲ್ಲಿ ಗಾಡಿಯಲ್ಲಿ ಇನ್ನೊಂದು ದನಿ ಕೇಳಿಸಿತು: “ಲಗೂ ನಡಿ, ಕತ್ತಲಾಗತೈತಿ!” ಅದು ನನ್ನದೇ.

ಹೀಗೆ ಸಿದ್ಧವಾದದ್ದು: ಲಗೂ, ತಡಿ ಎಂಬುವು ಸ್ವಭಾವಗಳಲ್ಲ, ದಿಕ್ಕುಗಳು. ತನ್ನವರ ಮನೆಯ ಕಡೆ ಮುಖ ಮಾಡಿದವರು ಲಗೂವಾದಿ, ಬೆನ್ನು ಮಾಡಿದವರು ತಡಿವಾದಿ. ಇಷ್ಟು ವರ್ಷ ಚಹಾಕ್ಕಾಗಿ ನಡೆದದ್ದೆಂದು ತಿಳಿದ ಜಗಳ ಮನೆಗಾಗಿ ನಡೆದಿತ್ತು.

ಕುಡಚಿ–ಉಗಾರ ಸೇತುವೆ ನೀರಲ್ಲಿತ್ತು. ಉಳಿದದ್ದು ಮಾಂಜರಿ–ಅಂಕಲಿ ನಡುವಿನ ಎತ್ತರದ ಸೇತುವೆ, ಅಥಣಿಗೂ ನಿಪ್ಪಾಣಿಗೂ ಹೆಚ್ಚುಕಡಿಮೆ ನಡುವಿನ ಜಾಗ. ಅಲ್ಲಿ ಗಾಡಿ ನಿಂತಿತು. ನಿಲ್ಲಿಸು ಎಂದವರು ಯಾರೆಂದು ದಾಖಲೆಯಿಲ್ಲ. ಇಬ್ಬರೂ ಇಳಿದು ಕೆಂಪು ನೀರು ನೋಡುತ್ತ ನಿಂತೆವು. ಬುತ್ತಿಯ ಗಂಟಿನಲ್ಲಿ ಕುಬಸದ ಕರಿಗಡುಬು ಇತ್ತು; ಅದನ್ನು ಯಾರು ಬಿಚ್ಚಿದರೆಂಬುದಕ್ಕೂ ದಾಖಲೆಯಿಲ್ಲ. ಹಿಂದಿನ ಸೀಟಿನಲ್ಲಿದ್ದ ಆಯೋಗ ಎಚ್ಚರಾಗಿ ತನ್ನ ಪಾಲು ಕೇಳಿತು.

ಫಲಶ್ರುತಿ

ಇದನ್ನು ಗಾಡಿ ಚಾಲೂ ಮಾಡುವ ಮೊದಲು ಒಮ್ಮೆ ಓದಿದವರಿಗೆ ಬ್ಯಾಟರಿ ಕೈಕೊಡದಿರಲಿ. ಎರಡು ಬಾರಿ ಓದಿದವರಿಗೆ ಕಬ್ಬಿನ ಟ್ರ್ಯಾಕ್ಟರು ದಾರಿ ಬಿಡಲಿ. ಮೂರು ಬಾರಿ ಓದಿದವರಿಗೆ ಮುಹೂರ್ತ ತಪ್ಪಿದರೂ ಊಟ ತಪ್ಪದಿರಲಿ. ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಲು ಹೋದವರ ಜವಾಬುದಾರಿ ಲೇಖಕನದಲ್ಲ.