ಖಜಾನೆ ಕಾಕಾ

ಬೀದರಿನ ಚೌಬಾರಾದ ಹತ್ತಿರ, ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ, ಔರಾದಿನ ಸಂತೆಯಲ್ಲಿ, ನಾಲ್ಕು ಮಂದಿ ಛಾ ಕುಡಿಯುವ ಕಡೆ ಐದನೆಯವರಾಗಿ ಖಜಾನೆ ಕಾಕಾ ಇದ್ದೇ ಇರುತ್ತಾರೆ. ಕಿರಾಣಿ ಅಂಗಡಿಯ ಉದ್ರಿ ಎಷ್ಟೆಂದು ಅವರಿಗೆ ಗೊತ್ತಿರುವುದಿಲ್ಲ; ರಾಜ್ಯದ ಸಾಲ ಬಾಯಿಪಾಠ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಣ್ಣುಮಕ್ಕಳು ಫುಕಟ್ ಬಸ್ಸೇರಿದಂದಿನಿಂದ ಅವರ ಬಿ.ಪಿ. ಇಳಿದಿಲ್ಲ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಎಂದರೆ ಸಾಕು, “ಮಂದೀನ ಕೆಡಿಸ್ಯಾರ್ರೀ, ಸರ್ಕಾರ ದಿವಾಳಿ ಆಗ್ತದ!” ಅಷ್ಟೇ ರೊಕ್ಕ ಪಿಎಂ ಕಿಸಾನ್ ಕಂತಾಗಿ ವರ್ಷಕ್ಕೆ ಮೂರು ಸಲ ತಮ್ಮ ಖಾತೆಗೆ ಬಿದ್ದರೆ ಅನ್ನದಾತನಿಗೆ ಸಂದ ಗೌರವ. 2008ರಿಂದ ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಬಿಲ್ ಇಲ್ಲ. ಕಣ್ಣು ಕುಕ್ಕುವುದು ಮಾತ್ರ ಪಕ್ಕದ ಮನೆಯ ಗೃಹಜ್ಯೋತಿಯ ಬಲ್ಬು.

ಇದನ್ನು ಸ್ವಾರ್ಥವೆಂದರೆ ಕಾಕಾಗೆ ಅನ್ಯಾಯ. ಸ್ವಾರ್ಥಿಯಾಗಿದ್ದರೆ ಕಾಕಿಯ ಖಾತೆಗೆ ಬರುವ ಗೃಹಲಕ್ಷ್ಮಿಯನ್ನು ಹೊಗಳಬೇಕಿತ್ತು. ರೊಕ್ಕ ಬಿಡಿಸಿಕೊಂಡು ಬಂದೂ ಬೈಯುತ್ತಾರೆ. ಅವರ ಅಭಿಪ್ರಾಯ ಹುಟ್ಟುವುದು ಹೊಟ್ಟೆಯಲ್ಲಲ್ಲ, ಪಕ್ಷದಲ್ಲಿ. 2024ರಲ್ಲಿ ಮಹಾರಾಷ್ಟ್ರದ ಮಹಾಯುತಿ ಸರ್ಕಾರ ಲಾಡ್ಕಿ ಬಹೀಣ್ ಹೆಸರಿನಲ್ಲಿ ತಿಂಗಳಿಗೆ 1,500 ರೂಪಾಯಿ ಹಾಕಿದಾಗ, ಉದಗೀರದ ಬೀಗರ ಮಂದಿ ಕೆಟ್ಟರೆಂದು ಅವರು ಅನ್ನಲಿಲ್ಲ. ಎದುರು ಪಕ್ಷದ ಕಾಕಾನೂ ಕಡಿಮೆಯಿಲ್ಲ: ಅವರಿಗೆ ಗೃಹಲಕ್ಷ್ಮಿ ಸಾಮಾಜಿಕ ನ್ಯಾಯ, ಲಾಡ್ಕಿ ಬಹೀಣ್ ವೋಟಿನ ಲಂಚ. ಕೇಂದ್ರದ ಅಕ್ಕಿ, ರಾಜ್ಯದ ಅಕ್ಕಿ ಒಂದೇ ರೇಷನ್ ಅಂಗಡಿಯಿಂದ ಬಂದು ಒಂದೇ ಚೀಲದಲ್ಲಿ ಬೆರೆತರೂ, ಯಾವ ಕಾಳು ಯಾವ ಪಕ್ಷದ್ದೆಂದು ಇಬ್ಬರೂ ಆರಿಸಿ ಹೇಳಬಲ್ಲರು.

ಹಾಗಾದರೆ ಖರ್ಚಿನ ಪ್ರಶ್ನೆ ಸುಳ್ಳೇ? ಅಲ್ಲ. 2024-25ರ ಬಜೆಟ್ಟಿನಲ್ಲಿ ಗ್ಯಾರಂಟಿಗಳಿಗೆ ಸುಮಾರು 52,000 ಕೋಟಿ ಇಟ್ಟಾಗ, ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಪಡೆದೂ ಹಿಂದುಳಿದ ಜಿಲ್ಲೆಯ ಜನ ರಸ್ತೆ, ಶಾಲೆ ಏನಾದವು ಎಂದು ಕೇಳಲೇಬೇಕು. ರೈತ ದುಡಿದು ತಿನ್ನುತ್ತಾನೆ, ಅವನದು ಬೇರೆ ಎಂಬ ವಾದವೂ ಉಂಟು. ಆದರೆ ದುಡಿಮೆಯೇ ಅಳತೆಯಾದರೆ, ಕಾಕಾನ ತೊಗರಿ ಹೊಲದಲ್ಲಿ ಕಸ ತೆಗೆಯುವ ಹೆಂಗಸು ಮೊದಲು ನಿಲ್ಲಬೇಕು. ಪಹಣಿಯಲ್ಲಿ ಹೆಸರಿಲ್ಲದ ಅವಳಿಗೆ ಕಿಸಾನ್ ಕಂತು ಬರುವುದಿಲ್ಲ, ಗೃಹಲಕ್ಷ್ಮಿ ಬರುತ್ತದೆ. ಕಾಕಾನ ಪ್ರಶ್ನೆಗಳಲ್ಲಿ ತಪ್ಪಿಲ್ಲ, ಸರ್ಕಾರ ಬದಲಾದೊಡನೆ ಅವು ರಜೆ ಹಾಕುವುದೇ ತಪ್ಪು. ಯೋಜನೆಯ ಬ್ಯಾನರಿನ ಮೇಲಿನ ಫೋಟೊ ಮುಚ್ಚಿ, ಯಾರಿಗೆ, ಎಷ್ಟು, ಯಾವ ರೊಕ್ಕದಿಂದ ಎಂದು ಕೇಳಿದರೆ ಒಳ್ಳೆಯ ಚರ್ಚೆಯಾದೀತು. ಆದರೆ ಫೋಟೊ ಕಾಣದೆ ಹೊಗಳಬೇಕೋ ಬೈಯಬೇಕೋ ತಿಳಿಯದೆ, ಇಬ್ಬರೂ ಕಾಕಾಗಳು ಅಂದು ಛಾ ಬಿಟ್ಟು ಎದ್ದಾರು.